ಶಿಶುಶಾಲೆಯ ಮುಂದಾಳತ್ವ ಮತ್ತು ಹಣಕಾಸಿನ ಹೊಣೆ: ಸಣ್ಣ ಸಂಸ್ಥೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಜಮಖಂಡಿ, ಬನಹಟ್ಟಿ, ಇಳಕಲ್, ಗುಳೇದಗುಡ್ಡ ಹೀಗೆ ಬಾಗಲಕೋಟೆ ಜಿಲ್ಲೆಯ ಯಾವ ಊರಿಗೆ ಹೋದರೂ ಟ್ರಸ್ಟೋ ಸಂಘವೋ ನಡೆಸುವ ಸಣ್ಣ ಶಿಶುಶಾಲೆಯೊಂದು ಕಾಣುತ್ತದೆ. ಬಾಡಿಗೆ ಮನೆಯ ಮೂರು ಕೋಣೆ, ಐವತ್ತು ಅರವತ್ತು ಮಕ್ಕಳು, ಮೂವರು ಶಿಕ್ಷಕಿಯರು, ಒಬ್ಬ ಆಯಾ. ಮಕ್ಕಳ ಸ್ವಭಾವ ಬಲ್ಲ ಮುಖ್ಯ ಶಿಕ್ಷಕಿಗೆ ಲೆಕ್ಕದ ಪುಸ್ತಕವನ್ನು ಯಾರೂ ತೋರಿಸಿರುವುದಿಲ್ಲ. ಲೆಕ್ಕ ಬಲ್ಲ ಆಡಳಿತ ಮಂಡಳಿಯವರು ತರಗತಿಯೊಳಗೆ ಅರ್ಧ ಗಂಟೆ ಕುಳಿತಿರುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಶುರುವಾದ ಎಷ್ಟೋ ಶಾಲೆಗಳು ಸೊರಗುವುದು ಈ ಅಂತರದಲ್ಲೇ.

ಇಲ್ಲಿ ಬರೆದಿರುವುದು ಆ ಇಬ್ಬರಿಗೂ. ಮೂರು ವರ್ಷದ ಮಗುವಿನ ಪಾಲಿಗೆ ಶಾಲೆ ಎಂದರೆ ಅದರ ಅಕ್ಕೋರು, ಬೇರೇನೂ ಅಲ್ಲ. ಆ ಅಕ್ಕೋರಿಗೆ ವರ್ಷದ ಹನ್ನೆರಡು ತಿಂಗಳೂ ಹೇಳಿದ ದಿನ ಸಂಬಳ ಮುಟ್ಟಬೇಕು. ಸಂಸ್ಥೆಯ ಹಣದ ಮೇಲಿನ ಮೊದಲ ಹಕ್ಕು ಅದು. ಸಂಬಳ ತಡವಾದರೆ ಮೊದಲು ಕಡಿಮೆಯಾಗುವುದು ಶಿಕ್ಷಕಿಯ ತಾಳ್ಮೆ, ಅದರ ಬೆಲೆ ತೆರುವುದು ಮಗು. ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಹಂತ 1: ಯಾರ ಕೈಯಲ್ಲಿ ಏನು, ಬರೆದಿಡಿ

ಒಂದು ಹಾಳೆ ಸಾಕು. ಆಡಳಿತ ಮಂಡಳಿ ನಿರ್ಧರಿಸಬೇಕಾದವು: ಶುಲ್ಕ, ವರ್ಷದ ಆಯವ್ಯಯ, ನೇಮಕ, ಸಂಬಳದ ದರ, ಶುಲ್ಕ ವಿನಾಯಿತಿ, ಸಾಲ, ಠೇವಣಿ ಮುರಿಯುವುದು. ಮುಖ್ಯ ಶಿಕ್ಷಕಿ ನಿರ್ಧರಿಸಬೇಕಾದವು: ಏನು ಕಲಿಸಬೇಕು, ಯಾವ ತರಗತಿಗೆ ಯಾರು, ಶಿಕ್ಷಕಿಯರ ರಜೆ, ಆಯವ್ಯಯದಲ್ಲಿ ಒಪ್ಪಿಗೆಯಾದ ಸಾಮಗ್ರಿಯ ಖರೀದಿ. ತಿಂಗಳಿಗೆ 3,000 ರೂಪಾಯಿಯವರೆಗೆ ಯಾರನ್ನೂ ಕೇಳದೆ ಖರ್ಚು ಮಾಡುವ ಅಧಿಕಾರವನ್ನು ಅವರಿಗೆ ಠರಾವಿನ ಮೂಲಕವೇ ಕೊಡಿ. ಬಣ್ಣದ ಕಡ್ಡಿಯ ಡಬ್ಬಿಗೂ ಅಧ್ಯಕ್ಷರ ಅಂಗಡಿಯ ಮುಂದೆ ನಿಲ್ಲಬೇಕಾದ ಶಿಕ್ಷಕಿ ಶಾಲೆಯನ್ನು ಮುನ್ನಡೆಸಲಾರರು.

ನಮ್ಮ ಊರುಗಳಲ್ಲಿ ಮಂಡಳಿಯ ಸದಸ್ಯರದ್ದೇ ಕಟ್ಟಡ, ಸದಸ್ಯರ ಸಂಬಂಧಿಕರೇ ಶಿಕ್ಷಕಿ ಆಗಿರುವುದು ಸಾಮಾನ್ಯ. ಅದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಆ ಬಾಡಿಗೆಯೋ ಸಂಬಳವೋ ಚರ್ಚೆಗೆ ಬಂದಾಗ ಆ ಸದಸ್ಯರು ಸಭೆಯಿಂದ ಹೊರಗಿರಬೇಕು, ಹಾಗೆ ಹೊರಗಿದ್ದರೆಂಬುದು ನಡಾವಳಿ ಪುಸ್ತಕದಲ್ಲಿ ಬರಬೇಕು.

ಮುಖ್ಯ ಶಿಕ್ಷಕಿ ಮಂಡಳಿಯ ಪ್ರತಿ ಸಭೆಯಲ್ಲೂ ಕುರ್ಚಿ ಹಾಕಿಕೊಂಡು ಕೂರಬೇಕು, ಕರೆದಾಗ ಬಂದು ಉತ್ತರ ಹೇಳಿ ಹೋಗುವವರಂತೆ ಅಲ್ಲ. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರು ಏಳು ಮಂದಿ ಶಿಕ್ಷಕರು. ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಗೆ ಅಡಿಪಾಯ ಹಾಕಿದ ಫ.ಗು. ಹಳಕಟ್ಟಿಯವರೇ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. ಪಾಠವನ್ನೂ ಹಣವನ್ನೂ ಒಟ್ಟಿಗೆ ಯೋಚಿಸುವುದು ಈ ಸೀಮೆಗೆ ಹೊಸದಲ್ಲ.

ಹಂತ 2: ಕೈಗೆ ಬರುವ ಹಣದ ಮೇಲೆ ಆಯವ್ಯಯ ಮಾಡಿ

ಇಲ್ಲಿ ನಿಧಾನವಾಗಿ ಕುಳಿತು ಲೆಕ್ಕ ಹಾಕೋಣ. ಶಾಲೆಯಲ್ಲಿ ನರ್ಸರಿ, ಎಲ್‌ಕೆಜಿ, ಯುಕೆಜಿ ಸೇರಿ 60 ಮಕ್ಕಳು, ವರ್ಷದ ಶುಲ್ಕ 18,000 ಎಂದುಕೊಳ್ಳಿ. ಹೆಚ್ಚಿನ ಮಂಡಳಿಗಳು ಗುಣಿಸಿ 10,80,000 ಎಂದು ಬರೆದುಕೊಂಡುಬಿಡುತ್ತವೆ. ಆದರೆ ನಾಲ್ಕು ಮಕ್ಕಳಿಗೆ ಪೂರ್ಣ ವಿನಾಯಿತಿ ಕೊಟ್ಟಿದ್ದೀರಿ, ಉಳಿದವರು 56. ಅವರಿಂದ ಬರಬೇಕಾದದ್ದು 10,08,000. ಅದರಲ್ಲಿ ಹತ್ತನೇ ಒಂದು ಭಾಗ ವರ್ಷಾಂತ್ಯದೊಳಗೆ ಬರುವುದಿಲ್ಲ ಎಂದು ಹಿಡಿಯಿರಿ. ಕೈಗೆ ಸಿಗುವುದು 9,07,200.

ಖರ್ಚಿನ ಕಡೆ ನೋಡಿ. ಮುಖ್ಯ ಶಿಕ್ಷಕಿಗೆ 18,000, ಇಬ್ಬರು ಶಿಕ್ಷಕಿಯರಿಗೆ ತಲಾ 13,000, ಆಯಾಗೆ 12,000. ತಿಂಗಳಿಗೆ 56,000, ವರ್ಷಕ್ಕೆ 6,72,000. ಬಾಡಿಗೆ ತಿಂಗಳಿಗೆ 10,000ದಂತೆ 1,20,000. ವಿದ್ಯುತ್, ನೀರು, ಸ್ವಚ್ಛತೆಗೆ ತಿಂಗಳಿಗೆ 3,000ದಂತೆ 36,000. ಆಟಿಕೆ, ಪುಸ್ತಕ, ಬಣ್ಣ, ಕಾಗದಕ್ಕೆ 30,000. ದುರಸ್ತಿಗೆ 15,000, ಲೆಕ್ಕಪರಿಶೋಧನೆ ಮತ್ತು ಕಚೇರಿ ಖರ್ಚಿಗೆ 15,000. ಒಟ್ಟು 8,88,000. (ಇವು ಉದಾಹರಣೆಯ ಅಂಕಿಗಳು. ಸಂಬಳ ನಿಗದಿ ಮಾಡುವ ಮುನ್ನ ರಾಜ್ಯ ಸರ್ಕಾರದ ಚಾಲ್ತಿಯ ಕನಿಷ್ಠ ವೇತನದ ಪಟ್ಟಿಯನ್ನು ನೋಡಲೇಬೇಕು.)

ಈಗ ಎರಡೂ ಲೆಕ್ಕ ಎದುರು ಬದುರು ಇಡಿ. 10,80,000 ಎಂದು ಹಿಡಿದವರಿಗೆ 1,92,000 ಉಳಿತಾಯ ಕಾಣುತ್ತದೆ. ಕೈಗೆ ಬರುವ ಹಣ ಹಿಡಿದವರಿಗೆ ಉಳಿಯುವುದು 19,200. ಅಂದರೆ ಒಂದು ಮಗುವಿನ ಶುಲ್ಕಕ್ಕಿಂತ ತುಸು ಹೆಚ್ಚು. ಇಬ್ಬರು ಮಕ್ಕಳು ಶಾಲೆ ಬಿಟ್ಟರೆ ಶಾಲೆ ನಷ್ಟಕ್ಕೆ ಹೋಗುತ್ತದೆ. ಮೊದಲನೆಯ ಲೆಕ್ಕ ನಂಬಿ ಜೂನ್‌ನಲ್ಲಿ ಹೊಸ ಜಾರುಬಂಡಿ, ಬಣ್ಣದ ಗೇಟು ಮಾಡಿಸಿದ ಮಂಡಳಿ ಫೆಬ್ರುವರಿಯಲ್ಲಿ ಶಿಕ್ಷಕಿಯರಿಗೆ ‘ಸ್ವಲ್ಪ ತಡೆಯಿರಿ’ ಎನ್ನುತ್ತದೆ.

ಇದೇ ಲೆಕ್ಕದಿಂದ ಇನ್ನೆರಡು ಅಂಕಿ ತೆಗೆದು ಗೋಡೆಯ ಮೇಲೆ ಬರೆದುಕೊಳ್ಳಿ. 8,88,000ವನ್ನು 60ರಿಂದ ಭಾಗಿಸಿದರೆ 14,800: ಒಂದು ಮಗುವನ್ನು ಒಂದು ವರ್ಷ ನೋಡಿಕೊಳ್ಳುವ ನಿಜವಾದ ಖರ್ಚು. ನಾಲ್ಕು ವಿನಾಯಿತಿಗಳಿಂದ ಬಿಟ್ಟುಕೊಟ್ಟ ಶುಲ್ಕ 72,000. ಬಡ ಮಗುವಿಗೆ ವಿನಾಯಿತಿ ಕೊಡಬೇಕು, ನಿಜಕ್ಕೂ ಕೊಡಬೇಕು. ಆದರೆ ಅದು ವರ್ಷದ ಆರಂಭದಲ್ಲೇ ಆಯವ್ಯಯದಲ್ಲಿ ಒಂದು ಸಾಲಾಗಿ ಬರಬೇಕು. ಮಂಡಳಿಯ ಒಬ್ಬರು ಬೀದಿಯಲ್ಲಿ ನಿಂತು ಕೊಟ್ಟ ಮಾತಾಗಿ ಬಂದರೆ ಆ ಹಣ ಶಿಕ್ಷಕಿಯ ಸಂಬಳದಿಂದಲೇ ಹೋಗುತ್ತದೆ.

ಹಂತ 3: ಹತ್ತು ತಿಂಗಳ ಶುಲ್ಕ, ಹನ್ನೆರಡು ತಿಂಗಳ ಸಂಬಳ

ಶಾಲೆ ಜೂನ್‌ನಿಂದ ಮಾರ್ಚ್‌ವರೆಗೆ. ಬಾಡಿಗೆ ಮತ್ತು ಹೊಟ್ಟೆ ಹನ್ನೆರಡು ತಿಂಗಳು. ಏಪ್ರಿಲ್, ಮೇ ತಿಂಗಳ ಸಂಬಳ ಕೊಡದಿರುವ ರೂಢಿ ಈ ಕ್ಷೇತ್ರದ ದೊಡ್ಡ ಅನ್ಯಾಯ ಎಂದೇ ನಾನು ಹೇಳುತ್ತೇನೆ. ಅದು ಮೂರ್ಖ ಲೆಕ್ಕವೂ ಹೌದು. ಎರಡು ತಿಂಗಳು ಬರಿಗೈಯಲ್ಲಿ ಮನೆಗೆ ಹೋದ ಒಳ್ಳೆಯ ಶಿಕ್ಷಕಿ ಜೂನ್‌ನಲ್ಲಿ ಬೇರೆ ಶಾಲೆಯಲ್ಲಿರುತ್ತಾರೆ, ನೀವು ಹೊಸಬರನ್ನು ಹುಡುಕುತ್ತಿರುತ್ತೀರಿ, ಮಕ್ಕಳು ಅಪರಿಚಿತ ಮುಖ ಕಂಡು ಅಳುತ್ತಿರುತ್ತಾರೆ.

ಪರಿಹಾರ ಸರಳ. ನಮ್ಮ ಉದಾಹರಣೆಯಲ್ಲಿ ಎರಡು ತಿಂಗಳ ಸಂಬಳ 1,12,000, ಬಾಡಿಗೆ ಮತ್ತು ಬಿಲ್ಲು 26,000, ಒಟ್ಟು 1,38,000. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 13,800. ಸಂಸ್ಥೆಯ ಹೆಸರಿನಲ್ಲೇ ಬೇರೊಂದು ಉಳಿತಾಯ ಖಾತೆ ತೆರೆದು, ಪ್ರತಿ ತಿಂಗಳ 10ರೊಳಗೆ ಈ ಮೊತ್ತ ಅಲ್ಲಿಗೆ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಡಿ. ಅದಕ್ಕೆ ‘ಬೇಸಿಗೆ ನಿಧಿ’ ಎಂದು ಹೆಸರಿಡಿ. ಏಪ್ರಿಲ್‌ಗೆ ಮುಂಚೆ ಅದನ್ನು ಮುಟ್ಟಲು ಮಂಡಳಿಯ ಸರ್ವಾನುಮತದ ಠರಾವು ಬೇಕು ಎಂದು ಮೊದಲೇ ನಿಯಮ ಮಾಡಿ.

ಆದರೆ ತಿಂಗಳು ತಿಂಗಳು ಹಣ ಬಂದರೆ ತಾನೇ ತೆಗೆದಿಡುವುದು? ಇಲ್ಲಿ ಪಾಲಕರ ದುಡಿಮೆಯ ಸ್ವರೂಪ ಗೊತ್ತಿರಬೇಕು. ಬಾಗಲಕೋಟೆ ನವನಗರದ ಸರ್ಕಾರಿ ನೌಕರರಿಗೆ ಹೊಂದುವ ಕಂತು ರಬಕವಿ-ಬನಹಟ್ಟಿಯ ನೇಕಾರರಿಗೆ ಹೊಂದುವುದಿಲ್ಲ. ಮಗ್ಗದ ಮನೆಗಳಲ್ಲಿ ಹಣ ಬರುವುದು ವಾರದ ಬಟವಡೆಯ ದಿನ. ಅವರಿಗೆ ವಾರಕ್ಕೆ 450ರಂತೆ 40 ವಾರದ ಕಂತು ಮಾಡಿದರೆ 18,000 ಪೂರ್ತಿಯಾಗುತ್ತದೆ. ಒಮ್ಮೆಗೇ 9,000 ಕೇಳಿದರೆ ಅದು ಕೈಗಡವಾಗಿಯೇ ಬರಬೇಕು, ಇಲ್ಲವೇ ಬರುವುದೇ ಇಲ್ಲ. ಮುಧೋಳ, ಜಮಖಂಡಿ ಕಡೆಯ ಕಬ್ಬು ಬೆಳೆಗಾರರಿಗೆ ಹಣ ಬರುವುದು ಕಾರ್ಖಾನೆ ನುರಿಸಲು ಶುರುಮಾಡಿದ ಮೇಲೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳಲ್ಲಿ ಬಿಲ್ಲು ಪಾವತಿಯಾಗಬೇಕು. ಬಾಕಿ ಬಿಲ್ಲಿಗಾಗಿ ರೈತರು ರಸ್ತೆಗಿಳಿಯುವುದನ್ನು ಕಂಡವರಿಗೆ ಆ 14 ದಿನದ ಕಥೆ ಗೊತ್ತು. ಅವರಿಂದ ಪ್ರವೇಶದ ವೇಳೆ 6,000 ತೆಗೆದುಕೊಂಡು, ಉಳಿದ 12,000ಕ್ಕೆ ಫೆಬ್ರುವರಿ ಕೊನೆಯವರೆಗೆ ಗಡುವು ಕೊಡಿ. ವಿಜಯಪುರದ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಲೆಕ್ಕ ಇನ್ನೂ ಬೇರೆ.

ಪ್ರವೇಶದ ದಿನವೇ ಪಾಲಕರ ಎದುರು ಕುಳಿತು, ಅವರೇ ಆರಿಸಿದ ಕಂತನ್ನು ಬರೆದು ಸಹಿ ತೆಗೆದುಕೊಳ್ಳಿ. ಕಂತು ತಪ್ಪಿದಾಗ ಮಗುವಿನ ಡೈರಿಯಲ್ಲಿ ಚೀಟಿ ಅಂಟಿಸುವುದು, ಮಗುವನ್ನು ಎದ್ದು ನಿಲ್ಲಿಸುವುದು, ಹಬ್ಬದ ಕಾರ್ಯಕ್ರಮದಿಂದ ಬಿಡುವುದು, ಇವು ಯಾವುವೂ ಬೇಡ. ಫೋನ್ ಮಾಡಿ ಪಾಲಕರೊಬ್ಬರೊಂದಿಗೇ ಮಾತನಾಡಿ: “ಅಣ್ಣಾವರೇ, ಹೋದ ತಿಂಗಳ ಕಂತು ಉಳಿದಿದೆ. ಯಾವ ವಾರ ಆಗುತ್ತದೆ ಹೇಳಿ, ಅದನ್ನೇ ಬರೆದುಕೊಳ್ಳುತ್ತೇನೆ.” ದಿನಾಂಕ ಅವರ ಬಾಯಿಂದ ಬಂದರೆ ಹಣ ಬರುವ ಸಾಧ್ಯತೆ ಹೆಚ್ಚು.

ಹಂತ 4: ನಗದು ಮುಟ್ಟುವ ಕೈ, ಲೆಕ್ಕ ಬರೆಯುವ ಕೈ

ಬೆಳಿಗ್ಗೆ ಒಂಬತ್ತೂವರೆ. ಗೇಟಿನಲ್ಲಿ ಮಗುವನ್ನು ಇಳಿಸಿದ ತಂದೆ ಐನೂರರ ನಾಲ್ಕು ನೋಟು ಶಿಕ್ಷಕಿಯ ಕೈಗಿಟ್ಟು ಬೈಕ್ ತಿರುಗಿಸುತ್ತಾರೆ. ಒಂದು ಕೈಯಲ್ಲಿ ಅಳುವ ಮಗು, ಇನ್ನೊಂದರಲ್ಲಿ ಹಣ. ಅದು ಪರ್ಸಿಗೆ ಹೋಗುತ್ತದೆ, ಸಂಜೆಯ ಹೊತ್ತಿಗೆ ಯಾರ ಮಗುವಿನದು ಎಂಬುದು ಮರೆಯುತ್ತದೆ. ಕಳ್ಳತನ ಯಾರೂ ಮಾಡಿಲ್ಲ, ಆದರೂ 2,000 ಇಲ್ಲ. ತಿಂಗಳ ಕೊನೆಗೆ ಆ ತಂದೆ ಕೊಟ್ಟಿದ್ದೇನೆ ಎನ್ನುತ್ತಾರೆ, ಪುಸ್ತಕ ಇಲ್ಲ ಎನ್ನುತ್ತದೆ, ನಡುವೆ ಶಿಕ್ಷಕಿಯ ಮಾನ ಹೋಗುತ್ತದೆ.

ಹಾಗಾಗಿ ನಿಯಮ: ತರಗತಿಯಲ್ಲಿರುವ ಯಾರೂ ಹಣ ಮುಟ್ಟುವುದಿಲ್ಲ. ಸಂಸ್ಥೆಯ ಖಾತೆಯ ಕ್ಯೂಆರ್ ಫಲಕವನ್ನು ಗೇಟಿನ ಒಳಗೋಡೆಗೆ ಹಾಕಿ. ಕಾರ್ಯದರ್ಶಿಯವರ ಸ್ವಂತ ಮೊಬೈಲ್ ಸಂಖ್ಯೆಗೆ ಹಣ ಹಾಕಿಸಿಕೊಳ್ಳುವುದು ಒಂದು ದಿನಕ್ಕೂ ಬೇಡ. ನಗದು ತರುವವರಿಗೆ ನಿಗದಿತ ವೇಳೆ, ನಿಗದಿತ ಮೇಜು. ರಸೀದಿ ಪುಸ್ತಕಕ್ಕೆ ಮುದ್ರಿತ ಕ್ರಮಸಂಖ್ಯೆ ಇರಲಿ, ಕೆಟ್ಟ ರಸೀದಿಯನ್ನು ಹರಿಯದೆ ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಇಡಿ. ಬಂದ ನಗದು ಪೂರ್ತಿ ಅದೇ ದಿನ ಅಥವಾ ಮರುದಿನ ಬ್ಯಾಂಕಿಗೆ. ಬಂದ ಶುಲ್ಕದಿಂದಲೇ ಹಾಲು, ಫಿನಾಯಿಲ್ ತಂದು ಉಳಿದದ್ದನ್ನು ಬರೆಯುವ ಅಭ್ಯಾಸ ಇದ್ದಲ್ಲಿ ಲೆಕ್ಕ ಎಂದೂ ಕೂಡುವುದಿಲ್ಲ. ಚಿಲ್ಲರೆ ಖರ್ಚಿಗೆ ಬೇರೆಯಾಗಿ 2,000 ಇಟ್ಟು, ಚೀಟಿ ಕೊಟ್ಟಷ್ಟೇ ಮತ್ತೆ ತುಂಬಿಸಿ.

ಕಿರ್ದಿ (ದಿನದ ಜಮಾ-ಖರ್ಚಿನ ಪುಸ್ತಕ) ಬರೆಯುವವರು ಒಬ್ಬರು, ಹಣ ತೆಗೆದುಕೊಳ್ಳುವವರು ಇನ್ನೊಬ್ಬರು. ಚೆಕ್ಕಿಗೆ ಇಬ್ಬರ ಸಹಿ. ಖಜಾಂಚಿ ಊರಿಗೆ ಹೋಗುತ್ತಾರೆಂದು ಖಾಲಿ ಚೆಕ್ಕುಗಳಿಗೆ ಮೊದಲೇ ಸಹಿ ಮಾಡಿಸಿಟ್ಟುಕೊಂಡರೆ ಆ ಎರಡನೆಯ ಸಹಿಗೆ ಅರ್ಥವಿಲ್ಲ.

ಹಂತ 5: ತಿಂಗಳಿಗೊಂದು ಪುಟ

ಪ್ರತಿ ತಿಂಗಳ ಎರಡನೇ ಶನಿವಾರದೊಳಗೆ ಮಂಡಳಿಯ ಎಲ್ಲರ ಕೈಗೂ ಒಂದು ಪುಟ ಹೋಗಲಿ. ಮಕ್ಕಳ ಸಂಖ್ಯೆ, ಸರಾಸರಿ ಹಾಜರಿ, ಬರಬೇಕಿದ್ದ ಶುಲ್ಕ, ಬಂದ ಶುಲ್ಕ, ಅಂದಾಜು ಖರ್ಚು, ಆದ ಖರ್ಚು, ಬ್ಯಾಂಕಿನ ಶಿಲ್ಕು, ಬೇಸಿಗೆ ನಿಧಿ, ಕೊಡಬೇಕಾದ ಬಾಕಿ. ಕೊನೆಗೆ ಒಂದು ಸಾಲು: ಈ ತಿಂಗಳು ಸಂಬಳ ಯಾವ ತಾರೀಖಿಗೆ ಆಯಿತು.

ಹಾಜರಿಯನ್ನು ಹಣದ ಪಕ್ಕದಲ್ಲೇ ಇಡಲು ಕಾರಣವಿದೆ. ನಾಗರ ಪಂಚಮಿಗೆ ತಾಯಂದಿರು ತವರಿಗೆ ಹೋದಾಗ, ಬನಶಂಕರಿ ಜಾತ್ರೆಯ ವೇಳೆ ಬಾದಾಮಿ ಕಡೆ ಹಾಜರಿ ಇಳಿಯುವುದು ಸಹಜ. ಅಂಥ ಕಾರಣವಿಲ್ಲದೆ ಒಂದೇ ತರಗತಿಯಲ್ಲಿ ಇಳಿದರೆ ಅಲ್ಲಿ ಏನೋ ಆಗುತ್ತಿದೆ. ಪಾಲಕರು ಶಾಲೆ ಬಿಡಿಸುವ ಮುನ್ನ ಮಗುವನ್ನು ಕಳಿಸುವುದನ್ನು ಕಡಿಮೆ ಮಾಡುತ್ತಾರೆ. ಆ ಸೂಚನೆ ಶುಲ್ಕದ ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಕಾಲ ಮೀರಿರುತ್ತದೆ.

ಹಂತ 6: ಶಿಕ್ಷಕಿಯರನ್ನು ಉಳಿಸಿಕೊಳ್ಳುವುದು

2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬ ಶಿಕ್ಷಕಿ ಎನ್ನುತ್ತದೆ. ಮೂರಕ್ಕಿಂತ ಕೆಳಗಿನವರಿದ್ದರೆ ಹತ್ತಕ್ಕೆ ಒಬ್ಬರು. ಖರ್ಚು ಉಳಿಸಲು ಎರಡು ತರಗತಿ ಸೇರಿಸಿ 40 ಮಕ್ಕಳನ್ನು ಒಬ್ಬರ ಕೈಗೆ ಕೊಡುವ ಆಲೋಚನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಆಯವ್ಯಯದಲ್ಲಿ ಕತ್ತರಿ ಹಾಕಲೇಬೇಕಾದರೆ ವಾರ್ಷಿಕೋತ್ಸವದ ಪೆಂಡಾಲು, ಬಾಡಿಗೆ ವೇಷಗಳು ಮೊದಲು ಹೋಗಲಿ.

ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಿ. ಸಂಬಳ, ಕೆಲಸದ ವೇಳೆ, ರಜೆ, ನೋಟಿಸ್ ಅವಧಿ ಅದರಲ್ಲಿರಲಿ. ಸಂಬಳ ಬ್ಯಾಂಕಿನ ಮೂಲಕವೇ ಹೋಗಲಿ. ಪುಸ್ತಕದಲ್ಲಿ ಒಂದು ಮೊತ್ತಕ್ಕೆ ಸಹಿ ಹಾಕಿಸಿಕೊಂಡು ಕೈಗೆ ಇನ್ನೊಂದು ಕೊಡುವುದು ಅಪರಾಧ, ಅದನ್ನು ಕಂಡೂ ಸುಮ್ಮನಿರುವ ಸದಸ್ಯರೂ ಪಾಲುದಾರರೇ. ಸಿಬ್ಬಂದಿ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಉಪದಾನ (ಗ್ರಾಚ್ಯುಟಿ), 26 ವಾರಗಳವರೆಗಿನ ಹೆರಿಗೆ ರಜೆ, ಲೈಂಗಿಕ ಕಿರುಕುಳ ದೂರು ಕೇಳುವ ಆಂತರಿಕ ಸಮಿತಿ, 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಭವಿಷ್ಯ ನಿಧಿ ಅನ್ವಯವಾಗುತ್ತವೆ. ಒಂದೇ ಟ್ರಸ್ಟಿಗೆ ಎರಡು ಮೂರು ಶಾಲೆಗಳಿದ್ದರೆ ಎಲ್ಲವನ್ನೂ ಕೂಡಿಸಿ ಎಣಿಸಿ.

ಹಣದಷ್ಟೇ ಮುಖ್ಯವಾದದ್ದು ಕೇಳುವ ಕಿವಿ. ಶನಿವಾರ ಮಕ್ಕಳು ಹೋದ ಮೇಲೆ ಒಂದು ಗಂಟೆ ಮುಖ್ಯ ಶಿಕ್ಷಕಿ ಮತ್ತು ಶಿಕ್ಷಕಿಯರು ಕುಳಿತುಕೊಳ್ಳಲಿ. ಸುತ್ತೋಲೆ ಓದುವ ಸಭೆಯಾಗದೆ ಒಂದೆರಡು ಮಕ್ಕಳ ಬಗ್ಗೆ ಮಾತಾಗಲಿ: ಯಾರು ಇನ್ನೂ ಮಾತಾಡುತ್ತಿಲ್ಲ, ಯಾರು ಊಟದ ಡಬ್ಬಿ ತೆರೆಯುತ್ತಿಲ್ಲ, ಮನೆಯಲ್ಲಿ ಮರಾಠಿಯೋ ಉರ್ದುವೋ ಆಡುವ ಯಾವ ಮಗು ಮೂಲೆಯಲ್ಲಿ ಕೂರುತ್ತಿದೆ. ಆಯಾರನ್ನೂ ಕರೆಯಿರಿ. ಶಿಕ್ಷಕಿಗೆ ಕಾಣದ್ದು ಕೈಕಾಲು ತೊಳೆಸುವವರಿಗೆ ಕಂಡಿರುತ್ತದೆ.

ಹಂತ 7: ಪಾಲಕರಿಗೆ ‘ಇಲ್ಲ’ ಎನ್ನುವ ಧೈರ್ಯ

‘ಮಗು ಇನ್ನೂ ಎಬಿಸಿಡಿ ಬರೆಯುತ್ತಿಲ್ಲ, ಎದುರಿನ ಶಾಲೆಯಲ್ಲಿ ಬರೆಸುತ್ತಾರೆ.’ ಈ ಮಾತು ಬಂದಾಗ ಮುಂದಾಳತ್ವದ ಪರೀಕ್ಷೆ ನಡೆಯುತ್ತದೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಆಟ, ಕಥೆ, ಹಾಡು, ಕೈಕೆಲಸದ ಮೇಲೆ ನಿಲ್ಲಿಸಿದೆ. ಮೂರು ವರ್ಷದ ಬೆರಳಿಗೆ ಪೆನ್ಸಿಲ್ ಹಿಡಿಸಿ ಸಾಲು ತುಂಬಿಸುವುದು ಅದರಲ್ಲಿಲ್ಲ. ಆದರೆ ಇಬ್ಬರು ಮಕ್ಕಳು ಬಿಟ್ಟರೆ ನಷ್ಟ ಎಂದು ಲೆಕ್ಕ ಹೇಳುತ್ತಿರುವಾಗ ಮುಖ್ಯ ಶಿಕ್ಷಕಿ ಒಬ್ಬರೇ ಹೇಗೆ ‘ಇಲ್ಲ’ ಎಂದಾರು? ಮಂಡಳಿ ಅವರ ಹಿಂದೆ ನಿಲ್ಲಬೇಕು. ಹಾಗೆ ನಿಲ್ಲಲು ಕೈಯಲ್ಲಿ ಮೀಸಲು ಹಣ ಇರಬೇಕು.

ಪಾಲಕರನ್ನು ತರಗತಿಗೇ ಕರೆಯಿರಿ. ಜೋಳದ ಕಾಳು, ಹುಣಸೆ ಬೀಜಗಳನ್ನು ಮಗು ಬೆರಳ ತುದಿಯಲ್ಲಿ ಹೆಕ್ಕಿ ಬೇರೆ ಮಾಡುವುದನ್ನು ತೋರಿಸಿ, ಪೆನ್ಸಿಲ್ ಹಿಡಿಯುವ ಬಲ ಈ ಬೆರಳುಗಳಿಗೆ ಬರುವುದು ಹೀಗೆ ಎಂದು ಹೇಳಿ.

ಹಂತ 8: ಮೀಸಲು ನಿಧಿ ಎಲ್ಲಿಂದ

ಮೂರು ತಿಂಗಳ ಖರ್ಚು ಯಾವಾಗಲೂ ಕೈಯಲ್ಲಿರಬೇಕು. ಇದು ಬೇಸಿಗೆ ನಿಧಿಗಿಂತ ಬೇರೆ. ತಿಂಗಳಿಗೆ 74,000ದಂತೆ 2,22,000 ಬೇಕು. ವರ್ಷಕ್ಕೆ 19,200 ಉಳಿಸಿದರೆ ಹನ್ನೊಂದು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಶುಲ್ಕವನ್ನು 1,000 ಏರಿಸಿದರೆ 56 ಮಕ್ಕಳಿಂದ, ಬಾರದ ಹತ್ತನೇ ಒಂದು ಭಾಗ ಕಳೆದು, 50,400 ಹೆಚ್ಚು ಬರುತ್ತದೆ. ಅದರಲ್ಲಿ ಮೊದಲು ಇಬ್ಬರು ಶಿಕ್ಷಕಿಯರಿಗೆ ತಿಂಗಳಿಗೆ 1,000 ಹೆಚ್ಚಿಸಿ, ವರ್ಷಕ್ಕೆ 24,000. ಆಗ ಮೊದಲಿನ 19,200 ಸೇರಿ ಉಳಿಯುವುದು 45,600. ತಿಂಗಳ ಖರ್ಚು 76,000 ಆಗುವುದರಿಂದ ಗುರಿ 2,28,000 ಆಗುತ್ತದೆ, ಐದು ವರ್ಷಕ್ಕೆ ಅದು ತುಂಬುತ್ತದೆ. ಈ ಲೆಕ್ಕವನ್ನು ಪಾಲಕರ ಸಭೆಯಲ್ಲಿ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದರೆ ಶುಲ್ಕ ಏರಿಕೆಗೆ ಗಲಾಟೆ ಕಡಿಮೆ.

ದೇಣಿಗೆ ಬಂದಾಗ ಯಾವುದಕ್ಕೆ ಎಂದು ಕೊಟ್ಟರೋ ಅದಕ್ಕೇ ಬಳಸಿ, ರಸೀದಿಯಲ್ಲೂ ಹಾಗೇ ಬರೆಯಿರಿ. 2,000ಕ್ಕಿಂತ ಹೆಚ್ಚು ನಗದು ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ದೇಣಿಗೆಯ ವಿನಾಯಿತಿ ಸಿಗುವುದಿಲ್ಲ, ಅವರಿಗೆ ಮೊದಲೇ ತಿಳಿಸಿ.

ಹಂತ 9: ಕಾನೂನಿನ ಕಾಗದಗಳು

ಸಂಘವಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಪರಿಶೋಧಿತ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಿ. ತೆರಿಗೆ ವಿನಾಯಿತಿ ಪಡೆದ ನೋಂದಾಯಿತ ಟ್ರಸ್ಟು ಸಂಘಗಳು ವರ್ಷದ ಆದಾಯದ ಕನಿಷ್ಠ ಶೇ. 85ರಷ್ಟನ್ನು ಉದ್ದೇಶಿತ ಕಾರ್ಯಕ್ಕೆ ಬಳಸಬೇಕು. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಈ ಶೇ. 85ರ ಲೆಕ್ಕಕ್ಕೆ ಬರುವುದಿಲ್ಲ. ಶಾಲಾಪೂರ್ವ ಶಿಕ್ಷಣದ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ 2026ರ ಏಪ್ರಿಲ್ 1ರಿಂದ, ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. ಹಳೆಯ ನಮೂನೆಗಳನ್ನು ಕಣ್ಮುಚ್ಚಿ ಬಳಸದೆ ಲೆಕ್ಕಪರಿಶೋಧಕರಿಂದ ಹೊಸ ಪಟ್ಟಿ ಪಡೆಯಿರಿ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸಂಶಯ ಬಂದರೆ ಸಂಸ್ಥೆಯ ಹೆಸರು ಹಾಳಾಗುತ್ತದೆಂಬ ಯೋಚನೆಗೆ ಜಾಗವೇ ಇಲ್ಲ. 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಶಿಕ್ಷೆಯಿದೆ. 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ಪ್ರತಿ ತರಗತಿಯ ಗೋಡೆಯ ಮೇಲಿರಲಿ.

ಹಂತ 10: ಹೊಣೆ ಹಸ್ತಾಂತರ

ಮುಖ್ಯ ಶಿಕ್ಷಕಿಯೋ ಖಜಾಂಚಿಯೋ ಬದಲಾಗುವಾಗ ಬೀಗದ ಕೈ ಗೊಂಚಲು ಕೊಟ್ಟು ಕೈಮುಗಿದರೆ ಸಾಲದು. ಕಿರ್ದಿ, ಖಾತೆ ಪುಸ್ತಕ, ಬಳಸಿದ ಮತ್ತು ಬಳಸದ ರಸೀದಿ ಪುಸ್ತಕಗಳು, ನಡಾವಳಿ, ದಾಸ್ತಾನು ಪುಸ್ತಕ, ಠೇವಣಿ ಪತ್ರ, ಬಾಡಿಗೆ ಕರಾರು, ನೋಂದಣಿ ಪತ್ರ, ಪಾಸ್‌ವರ್ಡ್‌ಗಳು, ಪಾಲಕರ ಕಂತಿನ ಒಪ್ಪಂದಗಳು ಎಲ್ಲವನ್ನೂ ಪಟ್ಟಿ ಮಾಡಿ, ಹಳಬರು ಹೊಸಬರು ಇಬ್ಬರೂ ಸಹಿ ಮಾಡಲಿ. ಮಾತಿನಲ್ಲಷ್ಟೇ ಇರುವ ವಿನಾಯಿತಿಗಳನ್ನು ಕೇಳಿ ಬರೆದುಕೊಳ್ಳಿ. ಹಸ್ತಾಂತರಕ್ಕೆ ಏಪ್ರಿಲ್ ತಿಂಗಳೇ ಒಳ್ಳೆಯದು, ಆರ್ಥಿಕ ವರ್ಷವೂ ಮುಗಿದಿರುತ್ತದೆ, ಶಾಲೆಯೂ. ಬ್ಯಾಂಕಿನ ಸಹಿದಾರರ ಬದಲಾವಣೆಯ ಠರಾವನ್ನು ಅದೇ ವಾರ ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬ್ಯಾಂಕು ಅದನ್ನು ದಾಖಲಿಸಿಕೊಳ್ಳುವ ಮುನ್ನವೇ ಹಳೆಯ ಸಹಿದಾರರು ಊರು ಬಿಟ್ಟರೆ ಬೇಸಿಗೆ ನಿಧಿಯಲ್ಲಿ ಹಣವಿದ್ದೂ ಮೇ ತಿಂಗಳ ಸಂಬಳ ನಿಲ್ಲುತ್ತದೆ.